ಸಂಪಾದಕರ ಉತ್ತರ: ದೆವ್ವ ಯಾಕೆ ಬೇಕಾಯಿತು?

ಗ್ವಾಟೆಮಾಲಾದ ‘ಲಾ ಯೊರೋನಾ’ (2019) ಚಿತ್ರದ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬೇಸರದಿಂದ ಬರೆದಿದ್ದೀರಿ: ನರಮೇಧದ ಕಥೆಗೆ ದೆವ್ವ ಯಾಕೆ, ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಸಾಲದೇ ಎಂದು.

ನಡೆದದ್ದನ್ನು ನಡೆದ ಹಾಗೆಯೇ ಹೇಳಿಯಾಗಿತ್ತು. 1980ರ ದಶಕದ ಮೊದಲಲ್ಲಿ ಗ್ವಾಟೆಮಾಲಾದ ಸೇನೆ ನರಮೇಧ ನಡೆಸಿದ್ದು ಇಶಿಲ್ ಮಾಯಾ ಎಂಬ ಮೂಲನಿವಾಸಿಗಳ ಮೇಲೆ. 2013ರಲ್ಲಿ ಆ ಜನರ ಹೆಂಗಸರು ಕೋರ್ಟಿನಲ್ಲಿ ತಮ್ಮ ಮೇಲಾದ ಅತ್ಯಾಚಾರವನ್ನು ಬಾಯಿಬಿಟ್ಟು ಹೇಳಿದರು. ಮೇ 10ರಂದು, ಆಗ ದೇಶ ಆಳುತ್ತಿದ್ದ ಮಾಜಿ ಸರ್ವಾಧಿಕಾರಿ ರಿಯೋಸ್ ಮಾಂಟ್‌ಗೆ ನರಮೇಧಕ್ಕಾಗಿ 80 ವರ್ಷ ಶಿಕ್ಷೆಯಾಯಿತು. ಹತ್ತೇ ದಿನಕ್ಕೆ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮರುವಿಚಾರಣೆ ಮುಗಿಯುವ ಮೊದಲೇ, 2018ರಲ್ಲಿ, ಆತ ತೀರಿಕೊಂಡ.

ನಿರ್ದೇಶಕ ಹೈರೋ ಬುಸ್ತಮಾಂತೆ ಈ ಸಾಕ್ಷಿಗಳನ್ನು ಬಿಟ್ಟಿಲ್ಲ. ಮುಖಕ್ಕೆ ಮುಸುಕು ಹಾಕಿದ ಮುದುಕಿ ತನ್ನ ಭಾಷೆಯಲ್ಲಿ ಹೇಳುತ್ತಾ ಹೋಗುತ್ತಾಳೆ. ಕ್ಯಾಮೆರಾ ನಿಧಾನಕ್ಕೆ ಹಿಂದೆ ಸರಿಯುತ್ತದೆ, ಅಷ್ಟೇ. ಚಿತ್ರದ ಜನರಲ್‌ನ ತೀರ್ಪೂ ರದ್ದಾದ ಮೇಲೆ ಅವನ ಮನೆಗೆ ಆಲ್ಮಾ ಎಂಬ ಕೆಲಸದ ಹುಡುಗಿ ಬರುತ್ತಾಳೆ. ಜನಪದ ಕಥೆಯ ಯೊರೋನಾ ತನ್ನ ಮಕ್ಕಳನ್ನು ತಾನೇ ನೀರಿಗೆ ನೂಕಿ, ಆಮೇಲೆ ನದಿ ದಂಡೆಯಲ್ಲಿ ಅಳುತ್ತಾ ಅಲೆಯುವವಳು. ಇಲ್ಲಿ ಯೊರೋನಾ ಆ ಆಲ್ಮಾಳೇ, ಆದರೆ ಅವಳ ಮಕ್ಕಳನ್ನು ಮುಳುಗಿಸಿದವರು ಸೈನಿಕರು. ತಾಯಿಯ ತಲೆಗೆ ಕಟ್ಟಿದ್ದ ಪಾಪವನ್ನು ಚಿತ್ರ ಇಳಿಸುತ್ತದೆ. ಸಾಕ್ಷಿ ಹೇಳಿದ ಹೆಂಗಸರನ್ನು ಸೂಳೆಯರೆಂದು ಬೈದಿದ್ದ ಜನರಲ್‌ನ ಹೆಂಡತಿ, ಕನಸಿನಲ್ಲಿ ತಾನೇ ಆ ತಾಯಿಯಾಗುತ್ತಾಳೆ. ಕೋರ್ಟಿನಲ್ಲಿ ಕಿವಿಗೆ ಬಿದ್ದೂ ಒಳಗಿಳಿಯದ ಮಾತು ಅಲ್ಲಿ ಅವಳ ಮೈಗೇ ತಟ್ಟುತ್ತದೆ. ಸಾಕ್ಷ್ಯಚಿತ್ರ ಇದನ್ನು ಹೇಗೆ ಮಾಡೀತು?

ಸ್ಪೇನಿನ ಸಂಗತಿ ಬೇರೆ. ಅಲ್ಲಿ ವಿಚಾರಣೆಗೇ ಬಾಗಿಲು ಮುಚ್ಚಿತ್ತು: ಸರ್ವಾಧಿಕಾರಿ ಫ್ರಾಂಕೋ ಸತ್ತ ಎರಡು ವರ್ಷಕ್ಕೆ, 1977ರಲ್ಲಿ, ಕ್ಷಮಾದಾನದ ಕಾನೂನು ಬಂತು. ಅಂತರ್ಯುದ್ಧದಲ್ಲಿ (1936–39) ಕೊಂದು ರಸ್ತೆ ಬದಿಯ ಗುಂಡಿಗಳಲ್ಲಿ ಹೂತವರ ಎಲುಬುಗಳನ್ನು ಮೊಮ್ಮಕ್ಕಳು ಹುಡುಕಿ ತೆಗೆಯತೊಡಗಿದ್ದು 2000ದಿಂದೀಚೆಗೆ. 2001ರಲ್ಲಿ ಗಿಯೆರ್ಮೋ ದೆಲ್ ತೋರೋ ‘ದಿ ಡೆವಿಲ್ಸ್ ಬ್ಯಾಕ್‌ಬೋನ್’ ಮಾಡಿದರು. ಅಂತರ್ಯುದ್ಧದ ಕಾಲದ ಅನಾಥಾಲಯ, ಅಂಗಳದಲ್ಲಿ ಸಿಡಿಯದೆ ನೆಟ್ಟು ನಿಂತ ಬಾಂಬು, ನೆಲಮಾಳಿಗೆಯ ನೀರಿನ ತೊಟ್ಟಿಯಲ್ಲಿ ಸಾಂತಿ ಎಂಬ ಹುಡುಗನ ಹೆಣ. ಅವನ ಪ್ರೇತ ಓಡಾಡುವಾಗ ಹಣೆಯ ಗಾಯದ ರಕ್ತ ಕೆಳಗೆ ಸುರಿಯುವುದಿಲ್ಲ, ನೀರಿನಲ್ಲಿದ್ದಂತೆ ಮೇಲಕ್ಕೆ ತೇಲುತ್ತದೆ. ಎಲ್ಲಿ ಹೋದರೂ ಅವನು ಇನ್ನೂ ಆ ತೊಟ್ಟಿಯಲ್ಲೇ ಇದ್ದಾನೆ. ಅವನು ಮಕ್ಕಳನ್ನು ಹೆದರಿಸಲು ಬಂದವನಲ್ಲ, ಕೊಂದವನನ್ನು ತನಗೆ ಒಪ್ಪಿಸಿ ಎಂದು ಕೇಳಲು ಬಂದವನು.

ನಿಮ್ಮ ಆಕ್ಷೇಪವನ್ನು ನಾನು ಒಪ್ಪುವ ಚಿತ್ರವೂ ಇದೆ. ಸರ್ವಾಧಿಕಾರಿ ಪಿನೊಚೆಯನ್ನು ರಕ್ತಪಿಶಾಚಿಯಾಗಿಸಿದ ಚಿಲಿಯ ‘ಎಲ್ ಕೋಂದೆ’ (2023) ನೋಡಲು ಬಲು ಸೊಗಸು. ಆದರೆ ಅಲ್ಲಿ ಸತ್ತೂ ಉಳಿಯುವ ಭಾಗ್ಯ ಸರ್ವಾಧಿಕಾರಿಗೆ. ಅವನು ಕೊಲ್ಲಿಸಿದವರಿಗೆ ಮುಖವೇ ಇಲ್ಲ.

— ಸಂಪಾದಕ