ದಾವಣಗೆರೆಯಲ್ಲಿ ಬೆಣ್ಣೆದೋಸೆ ಹೋಟೆಲ್ ತೆರೆಯುತ್ತಿದ್ದೇವೆ. ಬೋರ್ಡು, ಮೆನು ಎರಡರ ಇಂಗ್ಲಿಷಿಗೂ ಸ್ಲ್ಯಾಬ್ ಸೆರಿಫ್ (ಅಕ್ಷರದ ತುದಿಗೆ ದಪ್ಪ ಪಟ್ಟಿಯಿರುವ) ಫಾಂಟ್ ಹಾಕಬಹುದಾ?

ಬೋರ್ಡಿಗೆ ಧಾರಾಳವಾಗಿ ಹಾಕಿ. ಮೆನುವಿನಲ್ಲಿ ತಲೆಬರಹಕ್ಕೆ ಸಾಕು. ದಪ್ಪ ಸ್ಲ್ಯಾಬ್ ಸಣ್ಣ ಅಳತೆಯಲ್ಲಿ ಕಪ್ಪು ಮುದ್ದೆಯಾಗುತ್ತದೆ.

ಅಕ್ಷರದ ತುದಿಯಲ್ಲಿ ಅಡ್ಡಕ್ಕೆ ಚಾಚಿದ ಪಟ್ಟಿಯೇ ಸೆರಿಫ್. ಟೈಮ್ಸ್ ನ್ಯೂ ರೋಮನ್‌ನಲ್ಲಿ ಅದು ತೆಳುವಾಗಿ ಚೂಪಾಗುತ್ತದೆ. ಸ್ಲ್ಯಾಬ್‌ನಲ್ಲಿ ಹೆಚ್ಚುಕಡಿಮೆ ಕಂಬದಷ್ಟೇ (ಅಕ್ಷರದ ನೆಟ್ಟಗಿನ ಗೆರೆಯಷ್ಟೇ) ದಪ್ಪ, ತುದಿ ಚೌಕ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಪೋಸ್ಟರು, ಜಾಹೀರಾತುಗಳಿಗೆ ಬಳಕೆಗೆ ಬಂದದ್ದು; ದೂರಕ್ಕೆ ಕಾಣುವುದೇ ಅದರ ಕಸುಬು. ಈ ಜಾತಿಯ 1845ರ ಕ್ಲಾರೆಂಡನ್ ಫಾಂಟ್‌ನಲ್ಲಿ ಪಟ್ಟಿ ಕಂಬಕ್ಕೆ ಸೇರುವಲ್ಲಿ ಬಾಗುತ್ತದೆ, ನೋಟ ಮೆದು. 1934ರ ರಾಕ್‌ವೆಲ್ ಫಾಂಟ್‌ನದು ನೇರ ಮೂಲೆ, ಸ್ವಲ್ಪ ಬಿಗುಮಾನ. ತಿಂಡಿ ಹೋಟೆಲಿಗೆ ನನ್ನ ಓಟು ಕ್ಲಾರೆಂಡನ್ ಜಾತಿಗೆ.

ಕೆಡುವುದು ಹೆಚ್ಚಾಗಿ ಫ್ಲೆಕ್ಸ್ ಅಂಗಡಿಯಲ್ಲಿ. ಜಾಗ ತುಂಬಲೆಂದು ಅಕ್ಷರವನ್ನು ಅಡ್ಡಕ್ಕೆ ಎಳೆದರೆ ಕಂಬ ಮಾತ್ರ ದಪ್ಪವಾಗಿ ಪಟ್ಟಿ ಹಾಗೇ ಉಳಿಯುತ್ತದೆ. ಉದ್ದಕ್ಕೆ ಎಳೆದರೆ ಪಟ್ಟಿ ಊದಿಕೊಳ್ಳುತ್ತದೆ. ಎರಡರಲ್ಲೂ ಸ್ಲ್ಯಾಬಿನ ಗುಣ ಹೋಯಿತು. ಎಳೆಯುವ ಬದಲು ಅದೇ ಫಾಂಟ್ ಕುಟುಂಬದ ಬೇರೆ ಆವೃತ್ತಿ ಕೇಳಿ: ಅಡ್ಡಕ್ಕೆ ತುಂಬಲು ಎಕ್ಸ್‌ಟೆಂಡೆಡ್ (ಅಗಲ ಅಕ್ಷರ), ಉದ್ದಕ್ಕೆ ತುಂಬಲು ಕಂಡೆನ್ಸ್ಡ್ (ಕಿರಿದಾದ ಅಕ್ಷರ). ಅಕ್ಷರಗಳ ನಡುವೆ ತುಸು ಸಡಿಲ ಬಿಡಿಸಿ, ಇಲ್ಲದಿದ್ದರೆ ಅಕ್ಕಪಕ್ಕದ ಪಟ್ಟಿಗಳು ಅಂಟಿಕೊಳ್ಳುತ್ತವೆ. 40 ಅಡಿ ದೂರದಿಂದ ಸಲೀಸಾಗಿ ಓದಲು ಅಕ್ಷರ ಸುಮಾರು 4 ಇಂಚು ಎತ್ತರ ಬೇಕು.

ಬೋರ್ಡಿನಲ್ಲಿ ಇಂಗ್ಲಿಷಿನ ಮೇಲೆ ಬರುವ ಕನ್ನಡ ಸಾಲಿಗೆ ಗೆರೆ ಒಂದೇ ದಪ್ಪವಿರುವ ಫಾಂಟ್ ಆರಿಸಿ, ಎರಡೂ ಭಾಷೆಯ ಅಕ್ಷರಗಳ ದಪ್ಪ ಕಣ್ಣಿಗೆ ಹೊಂದುತ್ತದೆ. ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡುವ ಮೊದಲು ಕೋರೆಲ್‌ನಲ್ಲಿ (ವಿನ್ಯಾಸದ ಸಾಫ್ಟ್‌ವೇರ್) ಕನ್ವರ್ಟ್ ಟು ಕರ್ವ್ಸ್, ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸುವುದನ್ನು, ಮಾಡಿಸಿ; ಅಂಗಡಿಯವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಬದಲಾಗುತ್ತದೆ, ಕನ್ನಡದ ಒತ್ತಕ್ಷರವೂ ಒಡೆಯಬಹುದು.