ಜೋಡಿ ಬೇಕಾಗಿರೋದು ಆಮೆಗಾ, ನಮಗಾ?

ಪ್ರಶ್ನೆ: ಮಕ್ಕಳ ಹಟಕ್ಕೆ ಎರಡು ಕೆಂಪು ಕಿವಿಯ ಆಮೆ (ರೆಡ್ ಇಯರ್ಡ್ ಸ್ಲೈಡರ್) ತಂದೆವು. ಆಗ ಎರಡೂ ಬಿಸ್ಕತ್ತಿನಷ್ಟು ಇದ್ದವು. ಈಗ ಒಂದು ಅಂಗೈ ಮೀರಿ ಬೆಳೆದಿದೆ, ಇನ್ನೊಂದು ಚಿಕ್ಕದಾಗಿಯೇ ಉಳಿದಿದೆ. ಚಿಕ್ಕದು ದೊಡ್ಡದರ ಮುಖದೆದುರು ಮುಂಗಾಲು ಚಾಚಿ ಉದ್ದುದ್ದ ಉಗುರು ಪಟಪಟ ಆಡಿಸುತ್ತದೆ, ಈಚೆಗೆ ಬಾಲವನ್ನೂ ಕಚ್ಚುತ್ತಿದೆ. ಮೂರನೆಯದು ತಂದರೆ ಎಲ್ಲಾ ಸರಿಹೋಗುತ್ತದೆ ಅಂತಾರೆ ಅತ್ತೆ. ತರಬಹುದಾ?
– ಒಬ್ಬ ಓದುಗಿ, ಡೊಂಬಿವಲಿ

ಉತ್ತರ: ಬೇಡ. ಅತ್ತೆಯವರಿಗೆ ನನ್ನ ಹೆಸರು ಹೇಳಿ ಪರವಾಗಿಲ್ಲ, ಆದರೆ ತರಬೇಡಿ.

ಮುಂಗಾಲಿನ ಉಗುರು ಉದ್ದ, ಬಾಲ ದಪ್ಪ ಅಂದರೆ ಅದು ಗಂಡು. ಈ ಜಾತಿಯಲ್ಲಿ ಹೆಣ್ಣೇ ದೊಡ್ಡದು, ಕೆಲವು 30 ಸೆಂಟಿಮೀಟರ್‌ವರೆಗೂ ಬೆಳೆಯುತ್ತವೆ. ಉಗುರು ಆಡಿಸೋದು ಗಂಡು ಹೆಣ್ಣನ್ನು ಒಲಿಸಿಕೊಳ್ಳುವ ರೀತಿ. ಕೆರೆಯಲ್ಲಾದರೆ ಇಷ್ಟವಿಲ್ಲದ ಹೆಣ್ಣು ಈಜಿಕೊಂಡು ದೂರ ಹೋಗಿಬಿಡುತ್ತದೆ, ನಿಮ್ಮ ಹಾಲ್‌ನ ಗಾಜಿನ ಟ್ಯಾಂಕಿನಲ್ಲಿ ಪಾಪ ಎಲ್ಲಿಗೆ ಹೋಗಬೇಕು? ಮೂರನೆಯದು ಗಂಡಾದರೆ ಗಂಡುಗಳೇ ಕಾದಾಡುತ್ತವೆ. ಹೆಣ್ಣಾದರೆ ಟ್ಯಾಂಕ್ ಇನ್ನೂ ಇಕ್ಕಟ್ಟಾಗುತ್ತದೆ.

ಆಮೆಗೆ ಜೊತೆ ಬೇಕು ಅನ್ನೋದು ನಮ್ಮ ಕಲ್ಪನೆ. ಒಂದರ ಬೆನ್ನ ಮೇಲೆ ಇನ್ನೊಂದು ಹತ್ತಿ ಕೂತಿರೋದನ್ನು ನೋಡಿ ಎಷ್ಟು ಪ್ರೀತಿ ಅಂತ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತೇವೆ ಅಲ್ವಾ? ಸಾಮಾನ್ಯವಾಗಿ ಅದು ಬಿಸಿಲು ಕಾಯಿಸಿಕೊಳ್ಳುವ ಜಾಗಕ್ಕೆ ನಡೆಯುವ ಪೈಪೋಟಿ. ಮೇಲಿರೋದಕ್ಕೆ ಬೆಳಕು, ಕೆಳಗಿರೋದಕ್ಕೆ ನೆರಳು.

ಕಚ್ಚಲು ಶುರುವಾಗಿದೆ ಅಂದಮೇಲೆ ಬೇರೆ ಮಾಡಲೇಬೇಕು. ಎರಡು ಟ್ಯಾಂಕ್ ಆದರೆ ಒಳ್ಳೆಯದು, ಆಗದಿದ್ದರೆ ಒಂದರಲ್ಲೇ ಗಟ್ಟಿ ಅಡ್ಡಗೋಡೆ ಹಾಕಿ. ಆಚೆ ಈಚೆ ಕಾಣದಂಥದ್ದು ಹಾಕಿ, ಗಾಜು ಬೇಡ. ಎರಡೂ ಕಡೆ ಒಣಗಿ ಕೂರಲು ಜಾಗ, ಬಿಸಿ ದೀಪ, ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ದೀಪ ಇರಲಿ. ಕಿಟಕಿಯಿಂದ ಬಿಸಿಲು ಬರುತ್ತಲ್ಲಾ ಅನ್ನಬೇಡಿ, ಆಮೆಗೆ ಬೇಕಾದ ಯುವಿಬಿ ಕಿರಣವನ್ನು ಕಿಟಕಿ ಗಾಜು ತಡೆದುಬಿಡುತ್ತದೆ. ಅದಿಲ್ಲದೆ ಚಿಪ್ಪು ಮೆತ್ತಗಾಗುತ್ತದೆ. ನೀರಿನ ಲೆಕ್ಕ: ಚಿಪ್ಪಿನ ಒಂದು ಇಂಚಿಗೆ ಸುಮಾರು 40 ಲೀಟರ್. ಹಾಗೆ ನೋಡಿದರೆ ಆರಿಂಚಿನ ಒಂದೇ ಆಮೆಗೆ 240 ಲೀಟರ್ ಬೇಕು. ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಅಂಥವೆರಡು ಟ್ಯಾಂಕ್ ಎಲ್ಲಿಡೋದು ಅಂತ ನೀವು ಕೇಳುತ್ತೀರಿ, ಕೇಳಬೇಕಾದ್ದೇ. ಸಾಧ್ಯವಿಲ್ಲದಿದ್ದರೆ ಒಂದನ್ನು ಜವಾಬ್ದಾರಿಯಿಂದ ಸಾಕುವವರಿಗೆ ಕೊಡಿ.

ಹೆಣ್ಣು ಊಟ ಬಿಟ್ಟು ಹಿಂಗಾಲಲ್ಲಿ ಕೆರೆಯುತ್ತಾ ಓಡಾಡಿದರೆ ಮೊಟ್ಟೆಗೆ ಜಾಗ ಹುಡುಕುತ್ತಿರಬಹುದು, ಮಣ್ಣು ತುಂಬಿದ ಡಬ್ಬ ಇಡಿ. ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ. ಬಾಲದ ಗಾಯಕ್ಕೆ ಸುಮ್ನೆ ಅರಿಶಿನ ಹಚ್ಚುತ್ತಾ ಕೂರದೆ ಆಮೆ ನೋಡುವ ಪಶುವೈದ್ಯರಿಗೆ ತೋರಿಸಿ. ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಸೋಂಕು ಬರುವುದು ಹೀಗೂ ಉಂಟು.

ಒಂದು ಮಾತ್ರ ಮಾಡಬೇಡಿ. ಬೇಜಾರಾಗಿ ಪವೈ ಕೆರೆಗೋ ದೇವಸ್ಥಾನದ ಹೊಂಡಕ್ಕೋ ಬಿಟ್ಟು ಪುಣ್ಯ ಬಂತು ಅಂದುಕೊಳ್ಳಬೇಡಿ. ಅಮೆರಿಕ ಮೂಲದ ಈ ಆಮೆ ಇಲ್ಲಿನ ಆಮೆಗಳ ಊಟಕ್ಕೂ ಜಾಗಕ್ಕೂ ಕುತ್ತು ತರುತ್ತದೆ.

ಪ್ರಶ್ನೆ: ಊರಿಂದ ಚಿಕ್ಕಪ್ಪ ಒಂದು ನಕ್ಷತ್ರ ಆಮೆ ತಂದುಕೊಟ್ಟಿದ್ದಾರೆ. ಜೋಡಿ ಮಾಡಬೇಕು, ಇನ್ನೊಂದು ಎಲ್ಲಿ ಸಿಗುತ್ತದೆ?
– ಓದುಗ, ಚಿಂಚವಡ, ಪುಣೆ

ಉತ್ತರ: ಎರಡನೆಯದಿರಲಿ, ಮೊದಲನೆಯದೇ ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ನಕ್ಷತ್ರ ಆಮೆ ಮೊದಲನೇ ಪರಿಶಿಷ್ಟದಲ್ಲಿದೆ, ಅಂದರೆ ಹುಲಿಯ ಸಾಲಿನಲ್ಲಿ. ಮನೆಗೆ ಅದೃಷ್ಟ ಬರುತ್ತದೆ ಅನ್ನೋ ನಂಬಿಕೆಗೆ ನ್ಯಾಯಾಲಯದಲ್ಲಿ ಬೆಲೆ ಇಲ್ಲ. ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಇವತ್ತೇ ಫೋನ್ ಮಾಡಿ. ಅವರು ಬರುವ ತನಕ ಒಣ ರಟ್ಟಿನ ಪೆಟ್ಟಿಗೆಯಲ್ಲಿಡಿ, ತಟ್ಟೆಯಲ್ಲಿ ಸ್ವಲ್ಪವೇ ನೀರು ಕೊಡಿ, ಟಬ್ಬಿಗೆ ಹಾಕಬೇಡಿ. ಅದು ನೆಲದ ಆಮೆ, ಈಜು ಬಾರದು.