ಹೈಬ್ರಿಡ್ ಟೊಮೆಟೊ ಬೀಜ ಎತ್ತಿಡಬಹುದೇ?

ಜಿಪಿಯು-28 ರಾಗಿಯಂತೆ ಅರ್ಕಾ ರಕ್ಷಕ್ ಟೊಮೆಟೊ ಬೀಜವನ್ನೂ ಎತ್ತಿಡಬಹುದೇ ಎಂದು ಶ್ರೀನಿವಾಸಪುರದಿಂದ ಕೇಳಿದ್ದೀರಿ. ದಯವಿಟ್ಟು ಬೇಡ. ರಾಗಿಯದು ಶುದ್ಧ ತಳಿ, ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಒಳ್ಳೆಯ ತೆನೆ ಆರಿಸಿ ಧಾರಾಳವಾಗಿ ಇಟ್ಟುಕೊಳ್ಳಿ.

ಅರ್ಕಾ ರಕ್ಷಕ್ ಹಾಗಲ್ಲ. ಎಲೆ ಮುದುಡು ನಂಜು, ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ ಮೂರನ್ನೂ ತಡೆಯಲೆಂದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಎರಡು ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ ಅದು. ಈ ಪೀಳಿಗೆಯ ಗಿಡಗಳೆಲ್ಲ ಒಂದೇ ಸಮ. ಅವುಗಳ ಬೀಜ ಬಿತ್ತಿದಿರೋ, ಗುಣಗಳು ಚದುರುತ್ತವೆ. ಒಂದೇ ಪೋಷಕ ತಳಿಯಿಂದ, ಒಂದೇ ಪ್ರಬಲ ವಂಶವಾಹಿಯಾಗಿ ಬಂದ ರೋಗನಿರೋಧಕ ಗುಣವೂ ಸರಾಸರಿ ನಾಲ್ಕು ಗಿಡಗಳಲ್ಲಿ ಒಂದಕ್ಕೆ ತಪ್ಪಿಹೋಗುತ್ತದೆ. ಎಲೆ ಮುದುಡು ನಂಜನ್ನು ಹರಡುವ ಬಿಳಿ ನೊಣಕ್ಕೆ ಅಷ್ಟು ಸಾಕು. ಹಣ್ಣಿನ ಗಾತ್ರವೂ ಏರುಪೇರಾಗುತ್ತದೆ. ಕೋಲಾರದ ಮಂಡಿಯಲ್ಲಿ ಅಂತಹ ಬಾಕ್ಸಿಗೆ ಏನು ಬೆಲೆ ಎಂದು ನಿಮಗೇ ಗೊತ್ತು.

ಮನೆಯ ಬೀಜವೇ ಬೇಕಿದ್ದರೆ ಅರ್ಕಾ ವಿಕಾಸ್‌ನಂತಹ ಸಂಕರವಲ್ಲದ ತಳಿ ಹಾಕಿ.